ಲಿಯಾಂಡರ್ ಜಡೀನ್ ಹಾಕಿದ ಗಂಟು

ಸೇಂಟ್ ಓಡಿಲ್ ಬಂದರಿನಲ್ಲಿ ಲಿಯಾಂಡರ್ ಜಡೀನನಿಗೆ ಮೆಚ್ಚುಗೆಯಾದ ಮನುಷ್ಯ ಒಬ್ಬನೇ ಒಬ್ಬ. ಅವನು ದಿನಾ ಬೆಳಿಗ್ಗೆ ಮೀಸೆ ತಿದ್ದುವಾಗ ಕನ್ನಡಿಯಲ್ಲಿ ಸಿಗುತ್ತಿದ್ದ. ಉಳಿದವರೆಲ್ಲ ಅವನ ಪಾಲಿಗೆ ದಂಡಪಿಂಡಗಳು. ಮಿಲ್ವಾಕಿಯಿಂದ, ಶಿಕಾಗೋದಿಂದ ಬಾಡಿಗೆ ಕೊಟ್ಟು ಮೀನು ಹಿಡಿಯಲು ಬರುವ ಗಿರಾಕಿಗಳು ದಂಡಪಿಂಡಗಳು. ಅವರನ್ನು ಕರೆದೊಯ್ಯುವ ಬೇರೆ ದೋಣಿಗಳ ಯಜಮಾನರು ಅದಕ್ಕಿಂತ ದೊಡ್ಡ ದಂಡಪಿಂಡಗಳು. ದೋಣಿಗೆ ಕೈಯಾಳು ಬೇಕೆಂದು ವರ್ಷಕ್ಕೊಬ್ಬನನ್ನು ಇಟ್ಟುಕೊಳ್ಳುತ್ತಿದ್ದ, ಬೇಸಿಗೆ ಮುಗಿಯುವ ಮುಂಚೆ ಇವನ ಬಾಯಿಗೆ ಹೆದರಿ ಬಂದವನು ಓಡಿಹೋಗುತ್ತಿದ್ದ. ಕಡೆಗೆ ಒಬ್ಬನೇ ದೋಣಿ ನಡೆಸತೊಡಗಿದ, ಅದನ್ನೂ ಒಂದು ಹೆಚ್ಚುಗಾರಿಕೆ ಎಂದು ಹೇಳಿಕೊಂಡು ತಿರುಗಿದ.

ಇಷ್ಟು ಸೊಕ್ಕಿನ ಮನುಷ್ಯನಿಗೆ ಕೆಲಸ ಬಾರದೆ ಇದ್ದಿದ್ದರೆ ಊರು ಸುಖವಾಗಿರುತ್ತಿತ್ತು. ದುರದೃಷ್ಟಕ್ಕೆ ಚೆನ್ನಾಗಿ ಬರುತ್ತಿತ್ತು.

ನಮ್ಮ ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯುವುದೆಂದರೆ ದಡದಲ್ಲಿ ಕೂತು ಗಾಳ ಹಾಕಿ ಆಕಳಿಸುವುದಲ್ಲ. ದೋಣಿಯನ್ನು ಮನುಷ್ಯ ನಡೆಯುವ ವೇಗದಲ್ಲಿ ಓಡಿಸುತ್ತ, ಹಿಂದೆ ಒಂಬತ್ತೋ ಹತ್ತೋ ಗಾಳಗಳನ್ನು ಎಳೆಯುತ್ತ, ಬೆಳಗಿನಿಂದ ಮಧ್ಯಾಹ್ನದ ತನಕ ನೀರನ್ನು ಉಳಬೇಕು. ಗಾಳದ ತುದಿಯಲ್ಲಿ ಹುಳವಿಲ್ಲ, ಸ್ಪೂನು ಇರುತ್ತದೆ. ಹಿಡಿ ಮುರಿದ ಚಮಚದಂಥ ಬಣ್ಣದ ತಗಡು, ಅದರ ಹಿಂದೆ ಮೂರು ಮುಳ್ಳಿನ ಕೊಕ್ಕೆ. ನೀರಿನಲ್ಲಿ ಅದು ತೊನೆದಾಡಿದರೆ ಸಾಲ್ಮನ್ನಿಗೆ ಏಟು ತಿಂದ ಸಣ್ಣ ಮೀನಿನಂತೆ ಕಾಣಬೇಕು. ಅದನ್ನು ತಣ್ಣೀರಿನ ಆಳಕ್ಕೆ ಇಳಿಸಲು ತಂತಿಗೆ ಕಟ್ಟಿದ ಸೀಸದ ಗುಂಡು. ಮೇಲಿನ ನೀರು ಒಂದು ಕಡೆ ಹರಿದರೆ ಕೆಳಗಿನ ನೀರು ಇನ್ನೊಂದು ಕಡೆ ಹರಿಯುತ್ತದೆ. ದೋಣಿಯಲ್ಲಿನ ಯಂತ್ರ ತೋರಿಸಿದ ವೇಗವನ್ನೇ ನಂಬಿದವನ ಸ್ಪೂನು ಕೆಳಗೆ ಸತ್ತಂತೆ ನೇತಾಡುತ್ತದೆ. ಲಿಯಾಂಡರ್ ಯಂತ್ರವನ್ನು ನೋಡುತ್ತಿರಲಿಲ್ಲ, ಸೀಸದ ತಂತಿ ಎಷ್ಟು ಓರೆಯಾಗಿದೆ ಎಂದು ನೋಡುತ್ತಿದ್ದ. ದೋಣಿಯನ್ನು ಒಂದೇ ಗೆರೆಯಲ್ಲಿ ಓಡಿಸದೆ ಹಾವು ಹರಿದ ಹಾಗೆ ತಿರುಗಿಸುತ್ತಿದ್ದ. ತಿರುವಿನಲ್ಲಿ ಒಳಬದಿಯ ಸ್ಪೂನು ನಿಧಾನಿಸುತ್ತದೆ, ಹೊರಬದಿಯದು ಜೋರಾಗುತ್ತದೆ. ಮೀನು ಯಾವ ಬದಿಗೆ ಬಿತ್ತು ಎನ್ನುವುದರ ಮೇಲೆ ಅವತ್ತಿನ ವೇಗ ಎಷ್ಟಿರಬೇಕೆಂದು ತಿಳಿದುಕೊಳ್ಳುತ್ತಿದ್ದ. ಸ್ಪೂನಿನ ಬಣ್ಣ ನಸುಕಿಗೆ ಮಿನುಗುವ ಹಸಿರು, ಬಿಸಿಲೇರಿದ ಮೇಲೆ ಬೆಳ್ಳಿ, ಮೋಡ ಕವಿದರೆ ತಾಮ್ರ. ಈ ವಿಷಯಗಳಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ, ಮತ್ತು ಅದನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಜಂಬ ಅವನ ಗಂಟಿನ ಮೇಲೆ. ದೋಣಿ ಹತ್ತಿದ ಪ್ರತಿ ಗಿರಾಕಿಗೂ ದಾರದ ತುದಿಯ ಗಂಟನ್ನು ಮೂಗಿನ ಹತ್ತಿರ ಹಿಡಿದು ತೋರಿಸುತ್ತಿದ್ದ.

"ನೋಡ್ಕೊಳ್ಳಿ. ದಾರ ಹರೀಬಹುದು, ಕೋಲು ಮುರೀಬಹುದು, ನಿಮ್ಮ ಕೈ ಉದುರಿ ಹೋಗ್ಬಹುದು. ಈ ಗಂಟು ಮಾತ್ರ ಬಿಡಲ್ಲ. ಇದು ಜಡೀನ್ ಹಾಕಿದ ಗಂಟು."

ಗಿರಾಕಿ ಪಾಪ ತಲೆಯಾಡಿಸುತ್ತಿದ್ದ.

ಬಂದರಿನಲ್ಲಿ ದೋಣಿ ಕಟ್ಟಲು ಒಂದು ಸಾಲು ಗೂಟಗಳಿವೆ. ಮೊದಲ ಗೂಟ ರಸ್ತೆಗೆ ಹತ್ತಿರ, ಮೀನು ತೂಗುವ ತಕ್ಕಡಿಯ ಪಕ್ಕ. ಕಾರಿನಿಂದ ಇಳಿದ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಅಲ್ಲಿ ಕಟ್ಟಿದ ದೋಣಿ. ಕೊನೆಯ ಗೂಟ ಮೀನಿನ ಹೊಟ್ಟೆ ಸೀಳುವ ಮೇಜಿನ ಬುಡದಲ್ಲಿ. ಅಲ್ಲಿ ಸದಾ ಕರುಳಿನ ನಾತ, ತಲೆಯ ಮೇಲೆ ಕಡಲಕಾಗೆಗಳ ಹಿಕ್ಕೆ. ಯಾವ ದೋಣಿ ಬೇಸಿಗೆಯ ಅತಿ ದೊಡ್ಡ ಸಾಲ್ಮನ್ ತರುತ್ತದೋ ಅದಕ್ಕೆ ಮರುವರ್ಷ ಮೊದಲ ಗೂಟ. ಸೆಪ್ಟೆಂಬರ್ ಮೊದಲ ಸೋಮವಾರ ಸಂಜೆಗೆ ಲೆಕ್ಕ ಮುಗಿಯುತ್ತದೆ. ಗೆದ್ದವನು ಮೊದಲ ಗೂಟಕ್ಕೆ ಹೋದರೆ, ಅದನ್ನು ಕಳೆದುಕೊಂಡವನು ಗೆದ್ದವನು ಬಿಟ್ಟ ಜಾಗಕ್ಕೆ ಹೋಗಬೇಕು. ಲಿಯಾಂಡರ್ ಮೊದಲ ಗೂಟವನ್ನು ಅಪ್ಪನ ಆಸ್ತಿಯಂತೆ ಅನುಭವಿಸಿಕೊಂಡು ಬಂದಿದ್ದ.

ಕೊನೆಯ ಗೂಟದಲ್ಲಿ ಇದ್ದವನು ನಾರ್ಬರ್ಟ್ ಮಸಾರ್, ಲಿಯಾಂಡರನ ತಂಗಿ ಅಡೆಲೀನಳ ಗಂಡ. ದಪ್ಪಗೆ, ಕೆಂಪಗೆ, ಎಲ್ಲದಕ್ಕೂ ನಗುವ ಮನುಷ್ಯ. ಅವನಿಗೊಂದು ವಿಚಿತ್ರ ರೋಗವಿತ್ತು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೇರೆ ದೋಣಿಯವರು ರೇಡಿಯೋದಲ್ಲಿ ಮೀನಿನ ಬಗ್ಗೆ ಬಾಯಿಬಿಟ್ಟರೆ ಅದು ಸುಳ್ಳೇ ಎಂದು ತಿಳಿಯಬೇಕು. ಎಪ್ಪತ್ತು ಅಡಿ ಎಂದರೆ ನೂರಾ ಹತ್ತು, ಉತ್ತರ ಎಂದರೆ ದಕ್ಷಿಣ. ನಾರ್ಬರ್ಟ್ ಮಾತ್ರ ಬೆಳಿಗ್ಗೆ ಬೆಳಿಗ್ಗೆ ರೇಡಿಯೋ ಹಿಡಿದು, ಇಂಥ ಆಳ, ಇಂಥ ಬಣ್ಣ, ಇಂಥ ವೇಗ, ಬನ್ನಿ ಬನ್ನಿ, ಎಲ್ಲರಿಗೂ ಆಗುವಷ್ಟಿದೆ ಎಂದು ಊರಿಗೆಲ್ಲ ಸಾರುತ್ತಿದ್ದ. ಎಲ್ಲರೂ ಅವನ ಹಿಂದೆ ಹೋಗುತ್ತಿದ್ದರು, ಅವನ ಜಾಗದಲ್ಲೇ ಅವನಿಗಿಂತ ಹೆಚ್ಚು ಹಿಡಿಯುತ್ತಿದ್ದರು. ಲಿಯಾಂಡರ್ ಅವನ ದನಿ ಕೇಳಿದ ಕೂಡಲೇ ರೇಡಿಯೋ ಆರಿಸುತ್ತಿದ್ದ.

ನಾರ್ಬರ್ಟನ ಈ ರೋಗದಿಂದ ಊರಿಗೆ ಇನ್ನೊಂದು ಉಪಯೋಗವಾಗಿತ್ತು. ಮೀನು ತಪ್ಪಿಸಿಕೊಂಡು ಬಂದವನಿಗೆ ಅದು ಯಾವಾಗಲೂ ಕತ್ತೆಯಷ್ಟು ದೊಡ್ಡದೇ. ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ. ದೊಡ್ಡ ಮೀನು ಹೋಯಿತು ಎನ್ನುವವನು ದಾರದ ತುದಿಯನ್ನು ಗಸ್‌ನ ಹೆಂಡದಂಗಡಿಗೆ ತಂದು ತೋರಿಸಬೇಕು. ಮೀನಿನ ಹಲ್ಲಿಗೆ ಸವೆದಿದ್ದರೆ ತುದಿ ಒರಟೊರಟಾಗಿರುತ್ತದೆ. ಜಗ್ಗಿ ಹರಿದಿದ್ದರೆ ಹಿಗ್ಗಿ ತೆಳ್ಳಗಾಗಿರುತ್ತದೆ. ಗಂಟು ಬಿಟ್ಟಿದ್ದರೆ ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಕಥೆ ಹೇಳುವ ಚಪಲಕ್ಕೆ ತಾನೇ ಕತ್ತರಿಸಿಕೊಂಡು ಬಂದಿದ್ದರೆ ತುದಿ ಚಪ್ಪಟೆಯಾಗಿ, ನೀಟಾಗಿ ಇರುತ್ತದೆ. ಹಾಗೆ ಸಿಕ್ಕಿಬಿದ್ದವನ ಮಾತನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅವನ ದೋಣಿಗೆ ಯಾರೂ ಗಿರಾಕಿ ಕಳಿಸುವುದಿಲ್ಲ. ತುದಿ ನೋಡಿ ತೀರ್ಪು ಹೇಳುವ ಕೆಲಸ ನಾರ್ಬರ್ಟನದು. ಅವನು ಹೇಳಿದ ಮೇಲೆ ಮುಗಿಯಿತು.

ಇನ್ನು ಆ ಬೇಸಿಗೆಯ ಕಥೆ. ಬಂದರಿಗೆ ಮರಳುವಾಗ ಯಾವ ಯಜಮಾನನೂ ಅವತ್ತು ಮೀನು ಹಿಡಿದ ಸ್ಪೂನನ್ನು ಕೋಲಿನಲ್ಲಿ ಬಿಟ್ಟುಕೊಂಡು ಬರುವುದಿಲ್ಲ. ಅದನ್ನು ಬಿಚ್ಚಿ ಬಕೆಟ್ಟಿಗೆ ಹಾಕಿ, ದಡದಲ್ಲಿ ಇಣುಕುವವರ ಕಣ್ಣಿಗೆ ಮಣ್ಣೆರಚಲು ಬೇರೆ ಯಾವುದನ್ನೋ ತೂಗುಹಾಕಿಕೊಂಡು ಬರುತ್ತಾನೆ. ಜೂನ್‌ನಲ್ಲಿ ಒಂದು ದಿನ ಲಿಯಾಂಡರನಿಗೆ ಭರ್ಜರಿ ಮೀನು ಬಿದ್ದಿತ್ತು. ತೂಗುಹಾಕಲು ಏನಾದರೂ ಕಸ ಸಿಗುತ್ತದೇನೋ ಎಂದು ಪೆಟ್ಟಿಗೆ ಕೆದಕಿದ. ತಳದಲ್ಲಿ ತಂಗಿ ಕ್ರಿಸ್‌ಮಸ್ಸಿಗೆ ಕೊಟ್ಟ ಸ್ಪೂನು ಸಿಕ್ಕಿತು. ಅಡೆಲೀನ್ ಚಳಿಗಾಲದಲ್ಲಿ ಹೊತ್ತು ಹೋಗದೆ ಹಳೆಯ ಸ್ಪೂನುಗಳಿಗೆ ತನ್ನ ಉಗುರುಬಣ್ಣ ಬಳಿಯುತ್ತಿದ್ದಳು. ಇದು ಕಣ್ಣು ಕುಕ್ಕುವ ಗುಲಾಬಿ, ಮೇಲೆ ಕಪ್ಪು ಚುಕ್ಕಿಗಳು. ಸಿಡುಬು ಎದ್ದ ನಾಲಗೆಯಂತಿತ್ತು.

"ಇದೇ ಸರಿ. ಈ ಪೆಕರುಗಳಿಗೆ ಇದೇ ಸಾಕು," ಎಂದು ಎಲ್ಲಕ್ಕೂ ಮುಂದಿನ ಕೋಲಿಗೆ ಅದನ್ನು ಕಟ್ಟಿ, ಎದೆ ಉಬ್ಬಿಸಿಕೊಂಡು ಬಂದರು ಹೊಕ್ಕ.

ಇಡೀ ಬಂದರು ನೋಡಿತು. ಅವನ ಪೆಟ್ಟಿಗೆ ತುಂಬಿದ ಮೀನನ್ನೂ ನೋಡಿತು. ಮೀನು ಬೀಳದಿದ್ದರೆ ಇಷ್ಟು ಅಸಹ್ಯವಾದದ್ದನ್ನು ಈ ಜಂಬದವನು ಕಟ್ಟಿಕೊಂಡು ಬಂದಾನೆಯೇ ಎಂದುಕೊಂಡಿತು. ವಾರ ಕಳೆಯುವುದರೊಳಗೆ ಅಡೆಲೀನಳ ಅಡುಗೆಮನೆಯ ಮುಂದೆ ದೋಣಿಯವರೆಲ್ಲ ನಿಂತಿದ್ದರು, ಅವಳು ಅಂಗಡಿಯ ಉಗುರುಬಣ್ಣವನ್ನೆಲ್ಲ ಖಾಲಿ ಮಾಡಿಸಿದಳು. ಒಂದೊಂದು ದೋಣಿಯೂ ಎರಡು ಮೂರು ಗುಲಾಬಿ ಸ್ಪೂನುಗಳನ್ನು ನೀರಿಗಿಳಿಸಿತು. ಅಷ್ಟು ಜನ ಅಷ್ಟು ಹೊತ್ತು ಅದನ್ನೇ ಎಳೆದ ಮೇಲೆ ಮೀನು ತಾನೆ ಇನ್ನೇನು ತಿನ್ನಬೇಕು? ಅಥವಾ ನಿಜಕ್ಕೂ ಅದಕ್ಕೆ ಆ ಬಣ್ಣ ಹಿಡಿಸಿತೋ, ಅದನ್ನು ಸಾಲ್ಮನ್ನೇ ಹೇಳಬೇಕು. ಅಂತೂ ಎಲ್ಲರಿಗೂ ಗುಲಾಬಿಗೇ ಮೀನು ಬೀಳತೊಡಗಿತು. ಎಲ್ಲರಿಗೂ, ಲಿಯಾಂಡರನೊಬ್ಬನನ್ನು ಬಿಟ್ಟು. ಅವನ ಸ್ಪೂನು ಬಂದರಿನಲ್ಲಿ ತೂಗಾಡಲಿಕ್ಕಷ್ಟೇ ಇತ್ತು.

ಜುಲೈನ ಒಂದು ಶುಕ್ರವಾರ, ಗಸ್‌ನ ಅಂಗಡಿಯಲ್ಲಿ ಎಲ್ಲರೂ ಕರಿದ ಮೀನು ತಿನ್ನುತ್ತ ಕೂತಿದ್ದಾಗ ಡ್ವೇನ್ ಕಾಪಲ್ ಎಂಬ ಎರಡನೇ ಗೂಟದವನು ಬ್ರಾಂದಿಯ ಗ್ಲಾಸು ತಂದು ಲಿಯಾಂಡರನ ಮುಂದಿಟ್ಟ.

"ತಗೋ ಜಡೀನ್, ಇದು ನನ್ನ ಲೆಕ್ಕ. ನಿನ್ ಸ್ಪೂನು ಈ ವರ್ಷ ನನ್ನ ಬದುಕಿಸ್ತು ಕಣಯ್ಯಾ."

"ಯಾವ ಸ್ಪೂನು?"

"ಅದೇ, ಗುಲಾಬೀದು. ಇನ್ನೂ ಬಚ್ಚಿಡ್ತೀಯಲ್ಲ, ನಿನ್ ಕೋಲಲ್ಲಿ ನೇತಾಡ್ತಿದ್ದಿದ್ದು ಊರೇ ನೋಡಿದೆ."

ಬುದ್ಧಿ ಇದ್ದವನಾದರೆ ಬ್ರಾಂದಿ ಕುಡಿದು ಸುಮ್ಮನಾಗುತ್ತಿದ್ದ. ಲಿಯಾಂಡರ್ ನಕ್ಕ. ಮೇಜು ಕುಟ್ಟಿ ಕುಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಲೋ ಪೆದ್ದುಗಳಾ, ಅದು ಕಸ ಕಣ್ರೋ! ನನ್ ತಂಗಿ ಉಗುರಿಗೆ ಬಳ್ಕೊಂಡು ಮಿಕ್ಕಿದ್ದು. ನಿಮ್ಮನ್ನ ಕೋತಿ ಕುಣಿಸೋಣ ಅಂತ ಕಟ್ಕೊಂಡ್ ಬಂದೆ. ನಾನು ಅದನ್ನ ಒಂದು ಸಲ ಕೂಡ ನೀರಿಗೆ ಹಾಕಿಲ್ಲ. ಕುಣಿದ್ರಲ್ಲ, ಎಲ್ಲಾ ಸೇರಿ ಕುಣಿದ್ರಲ್ಲ!"

ಡ್ವೇನ್ ನಿಧಾನವಾಗಿ ಕೇಳಿದ, "ಕುಣಿದ್ವಿ, ಸರಿ. ಆದ್ರೆ ಮೀನು ಬೀಳ್ತಿದೆಯಲ್ಲ ಮಾರಾಯಾ. ನಿಂಗೆ ಈ ವಾರ ಎಷ್ಟು ಬಿತ್ತು?"

ಈಗ ನಗುವ ಸರದಿ ಅಂಗಡಿಯದಾಯಿತು. ಲಿಯಾಂಡರನ ಮುಖ ಕಪ್ಪಿಟ್ಟಿತು.

"ಆ ದರಿದ್ರಾನ ನನ್ ದಾರಕ್ಕೆ ಕಟ್ಟಿದ ದಿನ ಅರ್ಧ ಮೀಸೆ ಬೋಳಿಸ್ಕೊಂಡು ಈ ಅಂಗಡಿಗೆ ಬರ್ತೀನಿ. ಬರ್ಕೊಳ್ಳಿ."

"ಬೇಜಾರ್ ಮಾಡ್ಕೋಬೇಡ ಭಾವ," ಎಂದ ಮೂಲೆಯಿಂದ ನಾರ್ಬರ್ಟ್. "ತಮಾಷೆಗೆ ಕಟ್ಟಿದ್ರೂ ಒಳ್ಳೇದೇ ಆಯ್ತು. ಅಡೆಲೀನ್‌ಗೆ ಎಷ್ಟು ಖುಷಿ ಗೊತ್ತಾ? ನಮ್ಮಣ್ಣನೇ ಮೊದಲು ಕಟ್ಟಿದ್ದು ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ತಾಳೆ."

ಡ್ವೇನ್‌ನ ಕುಚೋದ್ಯವನ್ನಾದರೂ ಲಿಯಾಂಡರ್ ಸಹಿಸಿಯಾನು, ಈ ಪ್ರೀತಿಯನ್ನು ಅವನಿಂದ ಸಹಿಸಲು ಆಗಲಿಲ್ಲ. ತಟ್ಟೆ ತಳ್ಳಿ ಎದ್ದು ಹೋದ. ಅಂದಿನಿಂದ ದಾರಿಯಲ್ಲಿ ಸಿಕ್ಕವರೆಲ್ಲ ಅವನನ್ನು ಕೇಳುವ ಪ್ರಶ್ನೆ ಒಂದೇ ಆಯಿತು: ಮೀಸೆ ಕ್ಷೇಮಾನಾ?

ಆಗಸ್ಟ್ ಕೊನೆಗೆ ತಕ್ಕಡಿಯ ಪಕ್ಕದ ಹಲಗೆಯ ಮೇಲೆ ಮೊದಲ ಹೆಸರು ನಾರ್ಬರ್ಟ್ ಮಸಾರ್, ಮೂವತ್ತೊಂದು ಪೌಂಡು, ಗುಲಾಬಿ ಸ್ಪೂನು. ಅದರ ಕೆಳಗೆ ಜಡೀನ್, ಇಪ್ಪತ್ತೆಂಟು. ಲಿಯಾಂಡರ್ ತನ್ನ ಹಸಿರು, ಬೆಳ್ಳಿ, ತಾಮ್ರ ಎಲ್ಲವನ್ನೂ ಇಳಿಸಿ ನೋಡಿದ. ಆಳ ಬದಲಿಸಿದ, ತಿರುವು ಬದಲಿಸಿದ. ಮೀನು ಬಿತ್ತು, ದೊಡ್ಡದು ಬೀಳಲಿಲ್ಲ. ದಿನಾ ಸಂಜೆ ಮೊದಲ ಗೂಟಕ್ಕೆ ಹಗ್ಗ ಸುತ್ತುವಾಗ ಅವನ ಕಣ್ಣು ತಾನಾಗಿ ಆ ಕೊನೆಗೆ, ಹಿಕ್ಕೆ ಬಿದ್ದು ಬೆಳ್ಳಗಾದ ಹಲಗೆಗಳ ಕಡೆಗೆ ಹೋಗುತ್ತಿತ್ತು. ಅಲ್ಲಿ ಕಟ್ಟಿಕೊಂಡು, ಮೂಗು ಮುಚ್ಚಿಕೊಂಡು ಬರುವ ಗಿರಾಕಿಗೆ ತನ್ನ ಗಂಟಿನ ಹಿರಿಮೆ ಹೇಳುವುದು ಹೇಗೆ?

ಲೆಕ್ಕ ಮುಗಿಯುವ ಆ ಸೋಮವಾರ ಅವನ ದೋಣಿಗೆ ಬಂದವಳು ಲೊರೇನ್ ಕುಬಿಯಾಕ್ ಒಬ್ಬಳೇ. ಅವಳ ಗಂಡ ಚೆಸ್ಟರ್ ಪ್ರತಿವರ್ಷ ಈ ದಿನ ಲಿಯಾಂಡರನ ದೋಣಿಯನ್ನೇ ಹಿಡಿಯುತ್ತಿದ್ದ. ಅವಳು ದಡದಲ್ಲಿ ಸ್ವೆಟರ್ ಹೆಣೆಯುತ್ತ ಕಾಯುತ್ತಿದ್ದಳು. ಚಳಿಗಾಲದಲ್ಲಿ ಚೆಸ್ಟರ್ ತೀರಿಕೊಂಡಿದ್ದ, ಹಿಂದಿನ ವರ್ಷವೇ ಗೊತ್ತು ಮಾಡಿಟ್ಟಿದ್ದ ಈ ದಿನ ಮಾತ್ರ ಉಳಿದಿತ್ತು. ಅವನ ದೊಗಳೆ ಕೋಟು ಹಾಕಿಕೊಂಡು, ಕೈಯಲ್ಲಿ ಒಂದು ಡಬ್ಬಿ ಹಿಡಿದು ಬಂದಳು.

"ಡಬ್ಬೀಲಿ ಏನು?" ಎಂದು ಕೇಳಿದ ಲಿಯಾಂಡರ್.

"ಬಾಳೆಹಣ್ಣಿನ ಕೇಕು. ನಿಮಗೂ ಅಂತ ಮಾಡ್ದೆ."

ದೋಣಿಯೊಳಗೆ ಬಾಳೆಹಣ್ಣು ತಂದರೆ ಮೀನು ಬೀಳುವುದಿಲ್ಲ ಎನ್ನುವುದು ಸರೋವರದ ಮಗುವಿಗೂ ಗೊತ್ತು. ಲಿಯಾಂಡರ್ ಡಬ್ಬಿ ಕಸಿದುಕೊಂಡು ದಡದ ಮೇಲಿಟ್ಟ, ಕಡಲಕಾಗೆಗಳು ಮುತ್ತಿದವು. ಗಂಡನ ಜೊತೆ ಇಷ್ಟು ವರ್ಷ ಬಾಳಿ ಇಷ್ಟೂ ತಿಳಿಯದ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡ. ಗೂಟ ಹೋಗುವ ದಿನ ದೋಣಿಯಲ್ಲಿ ಗಾಳ ಹಿಡಿಯಲೂ ಬಾರದ ಇವಳು ಬೇರೆ.

ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ಸಾಲ್ಮನ್ ಮೊಟ್ಟೆಯಿಡಲು ಹೊಳೆ ಏರುವ ತಯಾರಿಯಲ್ಲಿ ಹೊಳೆಯ ಬಾಯಿಗೆ ಬಂದು ಸೇರುತ್ತದೆ, ದೋಣಿಗಳೂ ಅಲ್ಲೇ ಸೇರುತ್ತವೆ. ಆ ಹೊತ್ತಿಗೆ ಮೀನಿಗೆ ಹಸಿವಿರುವುದಿಲ್ಲ, ಸಿಟ್ಟಿರುತ್ತದೆ. ಮುಂದೆ ಸುಳಿದದ್ದನ್ನು ಸಿಟ್ಟಿಗೆ ಕಚ್ಚುತ್ತದೆ. ಸೂರ್ಯ ಮೇಲೆ ಬಂದರೂ ಲಿಯಾಂಡರನ ಒಂದು ಕೋಲೂ ಬಾಗಲಿಲ್ಲ. ಪಕ್ಕದಲ್ಲೇ ನಾರ್ಬರ್ಟನ ದೋಣಿಯಿಂದ ಎರಡು ಸಲ ಕೂಗು ಎದ್ದಿತು. ಲೊರೇನ್ ಬೆನ್ನು ತಿರುಗಿಸಿ ದಡ ನೋಡುತ್ತಿದ್ದಾಗ ಲಿಯಾಂಡರ್ ಕೋಟಿನ ಒಳಜೇಬಿಗೆ ಕೈ ಹಾಕಿದ.

ಅದು ಜೇಬಿನಲ್ಲಿತ್ತು. ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡಿದ್ದ, ಆದರೆ ಹಾಗೆ ಇಟ್ಟುಕೊಂಡದ್ದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ತಂಗಿ ಕೊಟ್ಟ ಗುಲಾಬಿ ಸ್ಪೂನನ್ನು ಬೆನ್ನು ಅಡ್ಡ ಮಾಡಿ ದಾರಕ್ಕೆ ಕಟ್ಟಿದ, ತನ್ನ ಗಂಟನ್ನೇ ಹಾಕಿದ. ಎಲ್ಲಕ್ಕಿಂತ ಆಳಕ್ಕೆ ಹೋಗುವ ಸೀಸದ ಗುಂಡಿಗೆ ಸಿಕ್ಕಿಸಿ ಕೆಳಕ್ಕೆ ಬಿಟ್ಟ. ಆಳದಲ್ಲಿ ಯಾರು ನೋಡುತ್ತಾರೆ? ಮೀನು ಬಿದ್ದರೆ ದೋಣಿಗೆ ಎಳೆದುಕೊಂಡು, ಬಾಯಿಂದ ಗುಲಾಬಿ ಕಿತ್ತು ಹಸಿರನ್ನು ಚುಚ್ಚಿದರಾಯಿತು. ತಕ್ಕಡಿಗೆ ಏರಿಸುವಾಗ ಬಾಯಲ್ಲಿ ಸ್ಪೂನು ಇರಬೇಕು ಎಂದಷ್ಟೇ ಕಟ್ಟಳೆ. ಹೀಗೆ ಲೆಕ್ಕ ಹಾಕಿಕೊಂಡ.

ದೋಣಿ ಬಲಕ್ಕೆ ತಿರುಗುತ್ತಿದ್ದಾಗ ಆ ಕೋಲು ನೀರಿಗೆ ಮುಟ್ಟುವ ಹಾಗೆ ಬಾಗಿತು.

"ಹಿಡ್ಕೊಳ್ಳಿ! ಹಿಡ್ಕೊಳ್ಳಿ!" ಎಂದು ಕೂಗಿ ಕೋಲನ್ನು ಲೊರೇನಳ ಕೈಗೆ ತುರುಕಿದ. ದಾರ ಕಿರುಚುತ್ತ ಓಡಿತು. ಇಂಥ ಓಟವನ್ನು ಅವನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಲೊರೇನ್ ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿಕೊಂಡು, ಚೆಸ್ಟರನ ಕೋಟಿನಲ್ಲಿ ಮುಳುಗಿ, ಹಲ್ಲು ಕಚ್ಚಿ ನಿಂತಳು. ಮೀನು ಓಡಿದಾಗ ಬಿಟ್ಟಳು, ನಿಂತಾಗ ಸುತ್ತಿದಳು. ಯಾರೂ ಹೇಳಿಕೊಡದೆ ಸರಿಯಾಗಿಯೇ ಮಾಡುತ್ತಿದ್ದಳು. ಇಷ್ಟು ವರ್ಷ ಗಂಡ ಊಟದ ಹೊತ್ತಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೇ ಇದ್ದಳೆಂದು ಕಾಣುತ್ತದೆ.

ರೇಡಿಯೋ ಗರಗರ ಎಂದಿತು. "ಭಾವ, ಭಾರೀ ಮೀನು ಅನ್ಸುತ್ತೆ. ನಿಧಾನ, ನಿಧಾನ. ನಾನು ನನ್ನ ಗಾಳ ಎಲ್ಲ ಎತ್ಕೊಂಡ್ಬಿಡ್ತೀನಿ, ನಿಮಗೆ ಜಾಗ ಆಗ್ಲಿ. ಎಲ್ರೂ ಎತ್ಕೊಳ್ರಪ್ಪಾ!"

ಆ ಮೀನು ದೋಣಿಗೆ ಬಂದರೆ ಕೈಗೆ ಬಂದಿದ್ದ ಮೊದಲ ಗೂಟ ಕಳೆದುಕೊಳ್ಳುವವನು ನಾರ್ಬರ್ಟನೇ. ಅವನೇ ಗಾಳ ಎತ್ತಿ ದಾರಿ ಬಿಟ್ಟ. ಉಳಿದ ದೋಣಿಗಳೂ ಎತ್ತಿದವು. ಎತ್ತಿದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಹತ್ತಿರ ಬಂದು ಸುತ್ತ ನಿಂತವು. ನಾರ್ಬರ್ಟ್ ಎಡಕ್ಕೆ, ಡ್ವೇನ್ ಹಿಂದೆ, ಎಲ್ಲರೂ ಕಟಕಟೆಗೆ ಆತು ಕತ್ತು ಚಾಚಿ ನೋಡುತ್ತಿದ್ದರು.

"ಜಡೀನ್! ಯಾವುದಕ್ಕೆ ಬಿತ್ತು?" ಎಂದು ಡ್ವೇನ್ ಕೂಗಿದ. "ಮೀಸೆ ಕ್ಷೇಮಾನಾ?"

ಲಿಯಾಂಡರ್ ಬಲೆ ಹಿಡಿದು ಬಗ್ಗಿದ. ಸೆಪ್ಟೆಂಬರಿನ ನೀರು ತಿಳಿಯಾಗಿತ್ತು. ಆಳದಲ್ಲಿ ಮೊದಲು ಒಂದು ಅಗಲವಾದ ಕಪ್ಪು ಬೆನ್ನು ಕಂಡಿತು. ಮೂವತ್ತೈದು ಪೌಂಡಿಗೆ ಕಡಿಮೆಯಿಲ್ಲ. ಆಮೇಲೆ ಅದು ತಲೆ ಒದರಿದಾಗ ದವಡೆಯ ಅಂಚಿನಲ್ಲಿ ಗುಲಾಬಿ ಬಣ್ಣ ಹೊಳೆಯಿತು. ನೀರಿನೊಳಗೆ ಕೂಡ ಅದು ಅಷ್ಟೇ ಅಸಹ್ಯವಾಗಿ, ಅಷ್ಟೇ ಎದ್ದು ಕಾಣುತ್ತಿತ್ತು. ಇನ್ನು ಎರಡು ಸುತ್ತು ಸುತ್ತಿದರೆ ಮೀನು ಮೇಲೆ ಬರುತ್ತದೆ, ಇಷ್ಟೂ ದೋಣಿಗಳ ಮುಂದೆ.

ಗೂಟ ಅವನ ಬಲೆಯ ಅಂಚಿಗೆ ಬಂದಿತ್ತು. ಅರ್ಧ ಮೀಸೆಯ ಬೆಲೆಗೆ ಅದು ಅವನದಾಗುತ್ತಿತ್ತು. ನಾಲ್ಕು ದಿನ ನಗುತ್ತಿದ್ದರು, ಮೀಸೆ ಮತ್ತೆ ಬೆಳೆಯುತ್ತಿತ್ತು. ಆದರೆ ಈ ಪೆಕರುಗಳ ಮುಂದೆ, ತಾನು ಕೋತಿ ಎಂದು ಕರೆದವರ ಮುಂದೆ, ಅವರು ಕುಣಿದ ಕುಣಿತವನ್ನೇ ತಾನೂ ಕುಣಿದೆ ಎಂದು ತೋರಿಸಿಕೊಳ್ಳುವುದೇ?

"ದಾರ ತಂತಿಗೆ ಸುತ್ಕೊಳ್ತಿದೆ, ತಾಳಿ," ಎಂದು ಮೈಯನ್ನು ಅಡ್ಡ ಮಾಡಿ ಬಗ್ಗಿದ. ಅಂಗೈಯಲ್ಲಿ ಅಡಗಿಸಿಕೊಂಡ ಚಿಕ್ಕ ಚೂರಿ ದಾರಕ್ಕೆ ತಾಗಿತು, ಅಷ್ಟೇ.

ಕೋಲು ಚಂಗನೆ ನೆಟ್ಟಗಾಯಿತು. ಲೊರೇನ್ ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿ ಪೆಟ್ಟಿಗೆಯ ಮೇಲೆ ಕುಸಿದಳು.

"ಏನಾಯ್ತು? ಏನಾಯ್ತು ಲಿಯಾಂಡರ್?"

"ಹೋಯ್ತು. ತುಂಬಾ ಬಿಗಿಯಾಗಿ ಹಿಡಿದ್ರಿ."

ಈ ಮಾತನ್ನು ಅವನು ಅವಳ ಮುಖ ನೋಡಿಕೊಂಡೇ ಹೇಳಿದ. ಇಂಥ ಮನುಷ್ಯನಿಗೆ ಯಾವ ಬೈಗುಳ ಸಾಕಾದೀತು? ಅವಳು ಅಳಲಿಲ್ಲ. ಜೋತುಬಿದ್ದ ದಾರದ ತುದಿಯನ್ನು ಹುಡುಕಿ ಎಳೆದುಕೊಂಡು ಬೆರಳಿಗೆ ಸುತ್ತಿಕೊಂಡಳು, ದಾರಿಯುದ್ದಕ್ಕೂ ಹಾಗೇ ಕೂತಿದ್ದಳು. ಆ ತುದಿಯನ್ನು ಹಲ್ಲಿನಲ್ಲಿ ಸ್ವಲ್ಪ ಜಗಿದರೆ ಸಾಕಿತ್ತು, ಒರಟಾಗುತ್ತಿತ್ತು. ಲಿಯಾಂಡರ್ ಎರಡು ಸಲ ಕೈ ಚಾಚಿದ.

"ಕೊಡಿ, ಸುತ್ತಿ ಇಡ್ತೀನಿ."

"ಇರ್ಲಿ ಬಿಡಿ," ಎಂದಳು ಲೊರೇನ್. "ನನ್ನ ಹತ್ರಾನೇ ಇರ್ಲಿ."

ಸಂಜೆ ಗಸ್‌ನ ಅಂಗಡಿಯ ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಕೋಳಿಯ ಬೂಯಾ, ಅಂದರೆ ನಮ್ಮ ಕಡೆಯ ಗಟ್ಟಿ ಸಾರು, ಕುದಿಯುತ್ತಿತ್ತು. ಊರೆಲ್ಲ ಬಟ್ಟಲು ಹಿಡಿದು ನೆರೆದಿತ್ತು. ಹಲಗೆಯ ಮೇಲೆ ನಾರ್ಬರ್ಟನ ಹೆಸರಿನ ಕೆಳಗೆ ಗೆರೆ ಎಳೆದಾಗಿತ್ತು. ಲಿಯಾಂಡರ್ ಸದ್ದಿಲ್ಲದೆ ಮನೆಗೆ ಹೋಗಿಬಿಡಬೇಕೆಂದಿದ್ದ, ಆದರೆ ಮೀನು ಹೋದದ್ದನ್ನು ಎಲ್ಲರೂ ನೋಡಿದ್ದರು, ತುದಿ ತೋರಿಸದೆ ಹೋಗುವಂತಿರಲಿಲ್ಲ. ಲೊರೇನ್ ಕೋಲು ಹಿಡಿದುಕೊಂಡೇ ಬಂದಳು.

"ತಪ್ಪು ನಂದು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಬಿಗಿ ಹಿಡಿದ್ಬಿಟ್ಟೆ. ಚೆಸ್ಟರ್ ಯಾವಾಗ್ಲೂ ಹೇಳ್ತಿದ್ರು, ಮೀನು ಓಡುವಾಗ ಕೈ ಸಡಿಲ ಬಿಡು ಅಂತ. ನಾನು ಬಿಟ್ಟೆ ಅಂತ್ಲೇ ಅಂದ್ಕೊಂಡಿದ್ದೆ. ಲಿಯಾಂಡರ್‌ಗೆ ನನ್ನಿಂದ ಗೂಟ ಹೋಯ್ತು."

ನಾರ್ಬರ್ಟ್ ಕೈ ಒರೆಸಿಕೊಂಡು ಬಂದು ಅವಳ ಬೆರಳಿನಿಂದ ದಾರ ಬಿಚ್ಚಿದ, ದೀಪದ ಕೆಳಗೆ ಹಿಡಿದ. ಲಿಯಾಂಡರ್ ಅವನ ಎದುರಿಗೇ ನಿಂತಿದ್ದ. ತುದಿ ಚಪ್ಪಟೆಯಾಗಿತ್ತು, ನೀಟಾಗಿತ್ತು. ನಾರ್ಬರ್ಟನ ಕೆಂಪು ಮುಖದಲ್ಲಿ ನಗು ನಿಧಾನವಾಗಿ ಆರಿತು. ಅವನು ತುದಿ ನೋಡಿದ, ಲಿಯಾಂಡರನನ್ನು ನೋಡಿದ, ಆಮೇಲೆ ದೊಗಳೆ ಕೋಟಿನಲ್ಲಿ ನಿಂತ ಲೊರೇನಳನ್ನು ನೋಡಿದ.

"ಏನಂತೆ ನಾರ್ಬರ್ಟ್?" ಎಂದ ಡ್ವೇನ್.

ನಾರ್ಬರ್ಟ್ ದೀಪಕ್ಕೆ ಬೆನ್ನು ಮಾಡಿ ತಿರುಗಿದ. ಅವನ ಹೆಬ್ಬೆರಳಿನ ಉಗುರು ದಾರದ ಮೇಲೆ ಒತ್ತಿಕೊಂಡು ಸರ್ರನೆ ತುದಿಯವರೆಗೆ ಜಾರಿದ್ದನ್ನು ಕಂಡವನು ಲಿಯಾಂಡರ್ ಒಬ್ಬನೇ. ಉಗುರಿನಿಂದ ಹಾಗೆ ಎಳೆದರೆ ಎಂಥ ದಾರವಾದರೂ ಸುರುಳಿ ಸುತ್ತಿಕೊಳ್ಳುತ್ತದೆ.

"ಗಂಟು ಬಿಟ್ಟಿದೆ," ಎಂದು ನಾರ್ಬರ್ಟ್ ಕೈ ಎತ್ತಿ ತೋರಿಸಿದ. ತುದಿ ಹಂದಿಯ ಬಾಲದಂತೆ ಸುತ್ತಿಕೊಂಡಿತ್ತು. "ನಿಮ್ಮ ಕೈ ಸರಿಯಾಗೇ ಇತ್ತಮ್ಮ. ಬಿಗಿ ಹಿಡಿದಿದ್ರೆ ದಾರ ಹಿಗ್ಗಿ ತೆಳ್ಳಗಾಗಿರೋದು. ಇದು ಗಂಟು ಹಾಕಿದವನ ತಪ್ಪು."

ಜಡೀನ್ ಹಾಕಿದ ಗಂಟು! ಬೇರೆ ಯಾರು ಹೇಳಿದ್ದರೂ ಅಂಗಡಿ ನಂಬುತ್ತಿರಲಿಲ್ಲ. ಹೇಳಿದವನು ನಾರ್ಬರ್ಟ್, ಜನ್ಮದಲ್ಲಿ ಒಂದು ಸುಳ್ಳು ಹೇಳದವನು.

"ಹೌದಾ ಜಡೀನ್?" ಎಂದು ಗಸ್ ಕೇಳಿದ.

ಲಿಯಾಂಡರನ ಬಾಯಿಯಲ್ಲಿ ಎರಡು ಉತ್ತರಗಳಿದ್ದವು. ಇಲ್ಲ, ನನ್ನ ಗಂಟು ಬಿಡುವುದಿಲ್ಲ, ನಾನೇ ಕತ್ತರಿಸಿದೆ ಎನ್ನಬಹುದಿತ್ತು. ನಾರ್ಬರ್ಟ್ ದಾರ ಹಿಡಿದುಕೊಂಡು ಕಾಯುತ್ತಿದ್ದ, ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಹುಷಾರಿಲ್ಲದವನನ್ನು ನೋಡುವಂತೆ ನೋಡುತ್ತಿದ್ದ. ಆ ನೋಟಕ್ಕಿಂತ ಒಂದು ಕಪಾಳಮೋಕ್ಷ ವಾಸಿಯಾಗಿತ್ತು.

"ಹೌದು," ಎಂದ ಲಿಯಾಂಡರ್. "ಗಂಟು ಬಿಡ್ತು."

ಲೊರೇನ್ ಹತ್ತಿರ ಬಂದು ಅವನ ತೋಳು ಸವರಿದಳು. "ಹೋಗ್ಲಿ ಬಿಡಿ ಲಿಯಾಂಡರ್. ವಯಸ್ಸಾಯ್ತು, ಕೈ ನಡುಗುತ್ತೆ. ಎಲ್ರಿಗೂ ಆಗುತ್ತೆ." ಅವನು ಅಲ್ಲಾಡದೆ ನಿಂತು ಸಮಾಧಾನ ಮಾಡಿಸಿಕೊಂಡ.

ಮೀಸೆ ಅವನಿಗೆ ಈಗಲೂ ಇದೆ, ಪೂರ್ತಿ ಇದೆ. ದೋಣಿಯನ್ನು ಕೊನೆಯ ಗೂಟದಲ್ಲಿ ಕಟ್ಟುತ್ತಾನೆ. ಬರುವ ಗಿರಾಕಿಗಳಿಗೆ ಡ್ವೇನ್ ಮೊದಲೇ ಹೇಳಿ ಕಳಿಸುತ್ತಾನೆ, ಆಳ, ಬಣ್ಣ, ತಿರುವು ಎಲ್ಲ ಅವನ ಹತ್ತಿರವೇ ಕೇಳಿ, ಗಂಟು ಮಾತ್ರ ನೀವೇ ನೋಡಿಕೊಳ್ಳಿ ಎಂದು. ಅವರು ದೋಣಿ ಹತ್ತಿದ ಕೂಡಲೇ ಪ್ರತಿ ಕೋಲಿನ ದಾರವನ್ನೂ ಹಿಡಿದು, ಲಿಯಾಂಡರನ ಕಣ್ಣೆದುರಿಗೇ, ಎರಡೆರಡು ಸಲ ಎಳೆದು ನೋಡುತ್ತಾರೆ.